ಹನ್ನೊಂದು ಮನೆಗಳ ಪುಟ

ಅಡ್ಕ ಮನೆ, ಪೆರ್ಲಾಜೆ
ಬೆಳ್ತಂಗಡಿ ತಾಲೂಕು
18 ಜೂನ್ 2024

ಮುದ್ರಕರಾದ ಸುಬ್ಬಯ್ಯನವರಿಗೆ,

ನಿಮಗೆ ನನ್ನ ಪರಿಚಯ ಇಲ್ಲ. ನಿಮ್ಮ ವಿಳಾಸ ನನಗೆ ಸಿಕ್ಕಿದ್ದು ಅಪ್ಪ ಅಮ್ಮನ ಮದುವೆ ಕಾರ್ಡಿನ ಅಡಿಯಲ್ಲಿ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಮುದ್ರಣ: ಸುಬ್ಬಯ್ಯ, ಮೆಲ್ಕಾರ್’ ಎಂದು ಉಂಟು. ಹದಿನೆಂಟು ವರ್ಷದ ಹಿಂದಿನ ಕಾರ್ಡು. ನೀವು ಈಗಲೂ ಅಲ್ಲೇ ಇದ್ದರೆ ಈ ಕಾಗದ ನಿಮ್ಮ ಕೈಸೇರಬಹುದು ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನಾನು ವಿಸ್ಮಿತಾ, ಹತ್ತನೇ ತರಗತಿ. ವೆಬ್ ಪುಟ ಮಾಡುವುದನ್ನು ಕಲಿಯುತ್ತಿದ್ದೇನೆ. ಕಲಿಸುವವರು ಯಾರೂ ಇಲ್ಲ, ನಾನೇ ಕಲಿಯುತ್ತಿದ್ದೇನೆ. ಮೊದಲ ಪುಟವನ್ನು ಆ ಮದುವೆ ಕಾರ್ಡು ನೋಡಿಯೇ ಮಾಡಿದೆ. ಅದೇ ಬಣ್ಣ, ಅದೇ ಮಾತು, ಅದೇ ಗಣಪತಿ. ಆದರೆ ನಿಮ್ಮ ಕಾರ್ಡು ಕೈಯಲ್ಲಿ ಹಿಡಿದರೆ ಯಾರೋ ಬಾಗಿಲಲ್ಲಿ ನಿಂತು ಬನ್ನಿ ಅಂದ ಹಾಗೆ ಆಗುತ್ತದೆ. ನನ್ನದು ರೇಷನ್ ಅಂಗಡಿಯ ಬೋರ್ಡಿನ ಹಾಗೆ ಕಾಣುತ್ತದೆ.

ಸ್ಕೇಲ್ ಇಟ್ಟು ಅಳೆದೆ. ಎಡಕ್ಕೂ ಬಲಕ್ಕೂ ನೀವು ಒಂದೂಕಾಲು ಸೆಂಟಿಮೀಟರ್ ಬಿಟ್ಟಿದ್ದೀರಿ, ಮೇಲೆ ಎರಡು, ಕೆಳಗೆ ಎರಡೂವರೆ. ಕೆಳಗೆ ಯಾಕೆ ಜಾಸ್ತಿ? ಹೆಸರುಗಳ ನಡುವೆ ಅಷ್ಟು ಖಾಲಿ ಜಾಗ ಯಾಕೆ? ಉತ್ತರ ಬರೆದರೆ ಉಪಕಾರವಾಗುತ್ತದೆ. ಬರೆಯದಿದ್ದರೆ ಮುಂದಿನ ವಾರ ಇನ್ನೊಂದು ಕಾಗದ ಹಾಕುತ್ತೇನೆ.

ಇತಿ,
ವಿಸ್ಮಿತಾ ಡಿ.

*

ಮೆಲ್ಕಾರ್
29 ಜೂನ್ 2024

ಕುಮಾರಿ ವಿಸ್ಮಿತಾಳಿಗೆ,

ಐವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಕಾರ್ಡು ಚೆನ್ನಾಗಿದೆ ಎಂದವರುಂಟು, ತಡವಾಯಿತು ಎಂದು ಬೈದವರುಂಟು. ಸ್ಕೇಲ್ ಇಟ್ಟು ಅಳೆದವರು ನೀನೊಬ್ಬಳೇ.

ವೆಬ್ ಎಂದು ಬರೆದಿದ್ದೀಯಲ್ಲ, ದಿನಪತ್ರಿಕೆಯವರ ವೆಬ್ ಆಫ್‌ಸೆಟ್ ಯಂತ್ರ ನಿಮ್ಮ ಗುಡ್ಡಕ್ಕೆ ಹತ್ತಿದ್ದು ಹೇಗೆ? ಅದನ್ನು ಇಡಲು ನಮ್ಮ ಪ್ರೆಸ್ಸಿನಂತಹ ಮೂರು ಕೋಣೆ ಬೇಕು. ಇರಲಿ, ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಕಾರ್ಡನ್ನು ಜನ ಕೆಳಗಿನ ಅಂಚಿನಲ್ಲಿ ಹಿಡಿಯುತ್ತಾರೆ. ಹೆಬ್ಬೆರಳಿಗೆ ಜಾಗ ಬಿಡದಿದ್ದರೆ ಅವರು ಯಾರದ್ದಾದರೂ ಹೆಸರಿನ ಮೇಲೆಯೇ ಬೆರಳಿಡುತ್ತಾರೆ. ಹೆಸರುಗಳ ನಡುವಿನ ಜಾಗವೂ ಅಷ್ಟೇ. ಮದುವೆಮನೆಯಲ್ಲಿ ಹಿರಿಯರನ್ನು ಒತ್ತೊತ್ತಾಗಿ ಕೂರಿಸುತ್ತೇವೆಯೇ? ಕಾಗದದಲ್ಲಿಯೂ ಕೂರಿಸಬಾರದು.

ಬರೆಯುವ ಕಾಗದ ಮುಗಿದಿದೆ, ಅದಕ್ಕೆ ಉಳಿಕೆ ಕಾರ್ಡಿನ ಬೆನ್ನಿಗೆ ಬರೆದಿದ್ದೇನೆ. ಮೆಷಿನ್ ಓಡುತ್ತಿದೆ, ಹೆಚ್ಚು ಪುರುಸೊತ್ತಿಲ್ಲ. ನೀನು ಮಾಡಿದ್ದು ಏನೆಂದು ಕಳುಹಿಸು, ನೋಡುವ.

ಸುಬ್ಬಯ್ಯ

*

ಪೆರ್ಲಾಜೆ
14 ಜುಲೈ 2024

ಸುಬ್ಬಯ್ಯಜ್ಜನಿಗೆ ನಮಸ್ಕಾರ. ಅಜ್ಜ ಎಂದು ಕರೆದರೆ ಬೇಸರ ಇಲ್ಲ ತಾನೆ?

ನನ್ನ ವೆಬ್ ಯಂತ್ರ ಅಲ್ಲ. ಮೊಬೈಲಿನಲ್ಲಿ ಕಾಣುವ ಪುಟ. ಪೇಪರ್ ಇಲ್ಲ, ಶಾಯಿ ಇಲ್ಲ, ನಾಲ್ಕು ಸಾಲು ಸೂಚನೆ ಬರೆದರೆ ಪುಟ ತಾನೇ ನಿಲ್ಲುತ್ತದೆ. ಒಂದು ಚುಕ್ಕೆ ಬಿಟ್ಟುಹೋದರೆ ಇಡೀ ಪುಟ ಮಗುಚಿ ಬೀಳುತ್ತದೆ, ಅದು ಬೇರೆ ವಿಷಯ.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ರೇಂಜೂ ಇಲ್ಲ. ಪಂಚಾಯತ್ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರ್ ಉಂಟು. ಅದನ್ನು ನೋಡಿಕೊಳ್ಳುವ ಸರಸಕ್ಕ ಬುಧವಾರ ಮತ್ತು ಶನಿವಾರ ಶಾಲೆ ಬಿಟ್ಟ ಮೇಲೆ ನನಗೆ ಒಂದೂವರೆ ಗಂಟೆ ಕೊಡುತ್ತಾರೆ. ಆ ಒಂದೂವರೆ ಗಂಟೆಯಲ್ಲಿ ಯೋಚಿಸುತ್ತ ಕೂತರೆ ಆಗುವುದಿಲ್ಲ. ಅದಕ್ಕೆ ಉಳಿದ ಐದು ದಿನ ಮನೆಯಲ್ಲಿ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಪ್ರೋಗ್ರಾಂ ಬರೆಯುತ್ತೇನೆ, ಮನಸ್ಸಿನಲ್ಲೇ ಓಡಿಸಿ ನೋಡುತ್ತೇನೆ, ಗ್ರಂಥಾಲಯಕ್ಕೆ ಹೋಗಿ ಟೈಪ್ ಮಾಡುತ್ತೇನೆ. ಹತ್ತರಲ್ಲಿ ಏಳು ತಪ್ಪಿರುತ್ತದೆ. ತಪ್ಪಿದ್ದನ್ನು ಕೆಂಪಿನಲ್ಲಿ ಬರೆದು ತಂದು ಮತ್ತೆ ಶುರು. ಮೂರನೆಯ ನೋಟ್‌ಬುಕ್ಕು ಮುಗಿಯುತ್ತಾ ಬಂತು.

ಅಪ್ಪ ಇದನ್ನು ಗಣಿತದ ನೋಟ್ಸ್ ಎಂದು ತಿಳಿದಿದ್ದಾರೆ. ನಾನು ಸುಳ್ಳು ಹೇಳಿಲ್ಲ. ಅವರು ಕೇಳಿಲ್ಲ, ನಾನು ಹೇಳಿಲ್ಲ.

ಸರಸಕ್ಕ ಪ್ರಿಂಟ್ ತೆಗೆದುಕೊಟ್ಟರು, ಜೊತೆಗೆ ಇಟ್ಟಿದ್ದೇನೆ. ಬೈದರೂ ಪರವಾಗಿಲ್ಲ.

ವಿಸ್ಮಿತಾ

*

ಮೆಲ್ಕಾರ್
2 ಆಗಸ್ಟ್ 2024

ಚಿರಂಜೀವಿ ವಿಸ್ಮಿತಾಳಿಗೆ,

ಬೈದಿದ್ದೇನೆ. ನಿನ್ನ ಪ್ರಿಂಟನ್ನು ತಿದ್ದಿ ವಾಪಸು ಕಳುಹಿಸುತ್ತಿದ್ದೇನೆ, ಕೆಂಪು ಗುರುತು ಎಣಿಸಲು ಹೋಗಬೇಡ.

ಎಲ್ಲಕ್ಕಿಂತ ದೊಡ್ಡ ತಪ್ಪು ಒಂದೇ. ಸಾಲುಗಳನ್ನು ಒಂದರ ತಲೆಯ ಮೇಲೆ ಒಂದು ಕೂರಿಸಿದ್ದೀಯ. ‘ಕಲ್ಯಾಣೋತ್ಸವ’ ಎಂಬಲ್ಲಿ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ತುಂಡಾಗಿದೆ. ನೀನು ಯಾರನ್ನು ನೋಡಿ ಕಲಿಯುತ್ತಿದ್ದೀಯೋ ಅವರ ಅಕ್ಷರಗಳಿಗೆ ಕಾಲಿಲ್ಲ, ನಮ್ಮದಕ್ಕೆ ಉಂಟು. ಅಚ್ಚಿನ ಮೊಳೆಗಳನ್ನು ಕೈಯಲ್ಲಿ ಜೋಡಿಸುವ ಕಾಲದಲ್ಲಿ ನಾವು ಎರಡು ಸಾಲಿನ ನಡುವೆ ಸೀಸದ ಪಟ್ಟಿ ಇಡುತ್ತಿದ್ದೆವು. ಇಂಗ್ಲಿಷ್ ಕಾರ್ಡಿಗೆ ಒಂದು ಪಟ್ಟಿ, ಕನ್ನಡಕ್ಕೆ ಎರಡು. ನಿನ್ನ ಸೂಚನೆಯಲ್ಲಿ ಸೀಸದ ಪಟ್ಟಿಗೆ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಏನಾದರೂ ಇದ್ದೇ ಇರುತ್ತದೆ, ಹುಡುಕು.

ಐದು ಬಣ್ಣ ಹಾಕಿದ್ದೀಯ. ಬಣ್ಣ ಪುಕ್ಕಟೆ ಸಿಗುತ್ತದೆಂದು ಕಾಣುತ್ತದೆ. ಎರಡು ಸಾಕು.

ಅಪ್ಪನಿಗೆ ಹೇಳು. ಪ್ರೂಫ್ ಕೊನೆಗೆ ತೋರಿಸುವುದಕ್ಕಿಂತ ಮೊದಲೇ ತೋರಿಸುವುದು ಒಳ್ಳೆಯದು.

ಸುಬ್ಬಯ್ಯ

*

ಪೆರ್ಲಾಜೆ
17 ನವೆಂಬರ್ 2024

ಸುಬ್ಬಯ್ಯಜ್ಜನಿಗೆ,

ಮೂರು ತಿಂಗಳು ಬರೆಯಲಿಲ್ಲ. ಸೀಸದ ಪಟ್ಟಿ ಹುಡುಕುತ್ತಿದ್ದೆ. ಸಿಕ್ಕಿತು. ನಾನು ನೋಡಿದ ವಿಡಿಯೋಗಳಲ್ಲಿ ಎಲ್ಲರೂ ಸಾಲಿಗೆ ಅಕ್ಷರದ ಒಂದೂಕಾಲು ಪಟ್ಟು ಎತ್ತರ ಇಡುತ್ತಾರೆ, ನಾನು ಒಂದೂಮುಕ್ಕಾಲು ಪಟ್ಟು ಇಟ್ಟೆ. ಈಗ ಒತ್ತಕ್ಷರದ ಕಾಲುಗಳು ಆರಾಮವಾಗಿ ಇಳಿಬಿಟ್ಟುಕೊಂಡು ಕೂತಿವೆ.

ಅಪ್ಪನಿಗೆ ಹೇಳಿದೆ. ನೋಟ್‌ಬುಕ್ಕುಗಳನ್ನು ಎದುರಿಗಿಟ್ಟು, ಪಿಯುಸಿಗೆ ಮೂಡುಬಿದಿರೆಗೆ ಹೋಗಬೇಕು, ಅಲ್ಲಿ ಕಂಪ್ಯೂಟರ್ ಸೈನ್ಸ್ ಉಂಟು ಎಂದೆ. ಅಪ್ಪ ರಬ್ಬರ್ ಹಾಲಿನ ಬಕೆಟ್ ಕೆಳಗಿಟ್ಟು ನನ್ನನ್ನೇ ನೋಡಿದರು.

“ಇದರಿಂದ ಯಾರಿಗೆ ಏನು ಉಪಯೋಗ?” ಎಂದು ಕೇಳಿದರು.

“ನೋಡಿದ ಮೇಲೆ ಹೇಳಿ.”

“ಸರಿ ಮಾರಾಯ್ತಿ. ದೈವಸ್ಥಾನದ ನೇಮೋತ್ಸವಕ್ಕೆ ಈ ಸಲ ಮೊಬೈಲಿನಲ್ಲಿ ನೋಡುವ ಹಾಗೆ ಒಂದು ಆಮಂತ್ರಣ ಬೇಕು ಅಂತ ಕಮಿಟಿಯವರು ಹೇಳ್ತಾ ಇದ್ದಾರೆ. ನೀನು ಮಾಡು. ಊರಿನವರು ಒಪ್ಪಿದರೆ ಮೂಡುಬಿದಿರೆಯ ಫಾರ್ಮಿಗೆ ನಾನು ಸೈನ್ ಹಾಕ್ತೇನೆ.”

ಹಾಗಾಗಿ ನನ್ನ ಮೂಡುಬಿದಿರೆ ಈ ಒಂದು ಪುಟದಲ್ಲಿ ಉಂಟು.

ದೈವಸ್ಥಾನಕ್ಕೆ ಸಂಬಂಧಪಟ್ಟ ಮನೆಗಳು ಹನ್ನೊಂದು. ಮನೆಯ ಹೆಸರು ಮುಟ್ಟಿದರೆ ಆ ಮನೆಯವರೆಲ್ಲ ಯಾರು, ಯಾವ ಊರಲ್ಲಿದ್ದಾರೆ ಎಂದು ತೆರೆದುಕೊಳ್ಳುತ್ತದೆ. ಇದಕ್ಕಾಗಿ ಹನ್ನೊಂದು ಮನೆಗೂ ನಡೆದು ಹೋಗಿ ಹೆಸರು ಬರೆದುಕೊಂಡು ಬಂದೆ. ಹಳೆಯ ಆಮಂತ್ರಣದಲ್ಲಿ ಮನೆಗಳ ಹೆಸರು ಚೆಲ್ಲಾಪಿಲ್ಲಿಯಾಗಿ ಇತ್ತು. ನಾನು ಒಂದೇ ಸಾಲಿನ ಪ್ರೋಗ್ರಾಂ ಬರೆದು ಶಾಲೆಯ ಹಾಜರಿ ಪುಸ್ತಕದ ಹಾಗೆ ಅಕಾರಾದಿಯಾಗಿ ಜೋಡಿಸಿದೆ. ನಾನೇ ಬರೆದು, ಮೊದಲ ಸಲಕ್ಕೇ ಸರಿಯಾಗಿ ಓಡಿದ ಸಾಲು ಅದು. ಅವತ್ತು ಊಟ ಸೇರಲಿಲ್ಲ, ಅಷ್ಟು ಖುಷಿ.

ಪ್ರೂಫ್ ಕಳುಹಿಸಿದ್ದೇನೆ. ಕಮಿಟಿಗೆ ತೋರಿಸುವ ಮೊದಲು ನೀವು ನೋಡಬೇಕು. ನಿಮ್ಮ ಕಣ್ಣಿಗೆ ಬೀಳದ ತಪ್ಪು ಇಲ್ಲ ಎಂದು ನನಗೆ ಗೊತ್ತುಂಟು.

ವಿಸ್ಮಿತಾ

*

ಮೆಲ್ಕಾರ್
5 ಡಿಸೆಂಬರ್ 2024

ಚಿರಂಜೀವಿ ವಿಸ್ಮಿತಾಳಿಗೆ,

ಪ್ರೂಫ್ ನಾಲ್ಕು ಸಲ ಓದಿದೆ. ಹದಿನೇಳು ಗುರುತು ಹಾಕಿದ್ದೇನೆ, ಹೆಚ್ಚಿನವು ಅಲ್ಪವಿರಾಮದ್ದು. ಎರಡೇ ಬಣ್ಣ ಇಟ್ಟದ್ದು ನೋಡಿ ಸಮಾಧಾನವಾಯಿತು. ತಲೆಬರಹದ ಮೇಲೆ ಇನ್ನಷ್ಟು ಜಾಗ ಬಿಡು.

ಮನೆಗಳ ಪಟ್ಟಿಯಲ್ಲಿ ಅಕ್ಷರದೋಷ ಇಲ್ಲ. ಅದಕ್ಕೆ ಪೆನ್ನು ಮುಟ್ಟಿಸಿಲ್ಲ.

ಅಡ್ಕ ಮನೆಯವರಲ್ಲಿ ಕುಶಾಲಪ್ಪ ಎಂಬ ಹೆಸರು ನೋಡಿದೆ. ನಿನ್ನ ಅಜ್ಜ ಇರಬೇಕು. ಆರೋಗ್ಯವಾಗಿದ್ದಾರೆಯೇ? ನಾನು ಕೇಳಿದೆನೆಂದು ಹೇಳುವುದೇನೂ ಬೇಡ.

ಸುಬ್ಬಯ್ಯ

*

ಪೆರ್ಲಾಜೆ
20 ಜನವರಿ 2025

ಸುಬ್ಬಯ್ಯಜ್ಜನಿಗೆ,

ಎಲ್ಲ ಹಾಳಾಯಿತು.

ನಿನ್ನೆ ದೈವಸ್ಥಾನದ ಚಪ್ಪರದಲ್ಲಿ ಕಮಿಟಿ ಮೀಟಿಂಗ್ ಇತ್ತು. ಶಾಲೆಯ ಪ್ರೊಜೆಕ್ಟರ್ ತಂದು, ಬಿಳಿ ಪಂಚೆ ಕಟ್ಟಿ, ಪುಟ ತೋರಿಸಿದೆ. ಮೊದಲು ದೈವಸ್ಥಾನದ ಫೋಟೋ ಬಂತು, ಎಲ್ಲರೂ ಕೈಮುಗಿದರು. ಆಮೇಲೆ ಮನೆಗಳ ಪಟ್ಟಿ ಬಂತು. ಮೊದಲ ಹೆಸರು ಅಡ್ಕ. ಒಂಬತ್ತನೆಯದು ಪೆರ್ಲಾಜೆ ಗುತ್ತು, ಊರಿನ ಯಜಮಾನಿಕೆಯ ಮನೆ.

ಮುಗಿದ ಕೈಗಳೆಲ್ಲ ಒಟ್ಟಿಗೆ ಕೆಳಗಿಳಿದವು. ನಾನು ಪ್ರೊಜೆಕ್ಟರ್ ಕೆಟ್ಟಿತೇನೋ ಎಂದು ವೈರ್ ಅಲುಗಾಡಿಸಿದೆ. ಗುತ್ತಿನ ಯಜಮಾನರು ಮುಂಡಪ್ಪಜ್ಜ ಎದ್ದು ನಿಂತು ಶಾಲು ಮಡಚಿ ಹೆಗಲಿಗೆ ಹಾಕಿಕೊಂಡರು.

“ಧನರಾಜ, ಇದು ನಿನ್ನ ಆಸೆಯಾ, ಮಗಳ ಆಸೆಯಾ?” ಎಂದು ಅಪ್ಪನನ್ನು ಕೇಳಿ ಹೊರಟುಹೋದರು. ಅವರ ಹಿಂದೆ ಅರ್ಧ ಚಪ್ಪರ ಹೊರಟಿತು.

ಆ ಹೆಸರುಗಳು ಚೆಲ್ಲಾಪಿಲ್ಲಿ ಅಲ್ಲವಂತೆ. ಗುತ್ತು ಮೊದಲು, ಆಮೇಲೆ ಬರ್ಕೆ ಮನೆ, ಆಮೇಲೆ ಉಳಿದವು, ಕೊನೆಗೆ ಅಡ್ಕ. ದೈವ ಮನೆಗಳನ್ನು ಕರೆಯುವುದೂ ಅದೇ ಕ್ರಮದಲ್ಲಿ, ಗಂಧಪ್ರಸಾದ ಕೊಡುವುದೂ ಅದೇ ಕ್ರಮದಲ್ಲಿ. ನಮ್ಮ ಮನೆ ಹನ್ನೊಂದನೆಯದು. ನಾನು ಇಷ್ಟು ವರ್ಷ ನೇಮ ನೋಡಿದ್ದು ಐಸ್‌ಕ್ರೀಮ್ ಗಾಡಿಯ ಹತ್ತಿರ ನಿಂತು, ನನಗೆ ಹೇಗೆ ಗೊತ್ತಾಗಬೇಕು? ಊರಿಗೆಲ್ಲ ಈಗ ಒಂದೇ ಮಾತು, ಅಡ್ಕದವರು ಮಗಳ ಕೈಯಲ್ಲಿ ತಮ್ಮ ಹೆಸರನ್ನು ಮೇಲೆ ಹಾಕಿಸಿಕೊಂಡರು ಎಂದು.

ಇವತ್ತು ಬೆಳಗ್ಗೆ ಅಪ್ಪ ಗುತ್ತಿಗೆ ಹೋಗಿ ಅಂಗಳದಲ್ಲಿ ನಿಂತು ತಪ್ಪಾಯಿತು ಎಂದು ಹೇಳಿ ಬಂದರು. ಜಗಲಿಗೆ ಹತ್ತಲಿಲ್ಲವಂತೆ. ಮನೆಗೆ ಬಂದು ನನಗೆ ಬೈಯಲಿಲ್ಲ. “ಮೂಡುಬಿದಿರೆ ಬೇಡ. ಇಲ್ಲಿಯೇ ಕಾಲೇಜು ಉಂಟು. ಪರೀಕ್ಷೆ ಆಗುವವರೆಗೆ ಗ್ರಂಥಾಲಯದ ಕಡೆ ಹೋಗಬೇಡ” ಎಂದರು. ಬೈದಿದ್ದರೆ ನಾನು ಎದುರು ಮಾತಾಡಬಹುದಿತ್ತು.

ಪುಟವನ್ನು ತೆಗೆದುಹಾಕಿದ್ದೇನೆ. ನೋಟ್‌ಬುಕ್ಕು ಹರಿಯಲಿಲ್ಲ, ಹರಿಯುವುದೂ ಇಲ್ಲ.

ವಿಸ್ಮಿತಾ

*

ಪೆರ್ಲಾಜೆ
16 ಫೆಬ್ರವರಿ 2025

ಸುಬ್ಬಯ್ಯಜ್ಜನಿಗೆ,

ನಾಲ್ಕು ವಾರವಾಯಿತು, ನಿಮ್ಮ ಉತ್ತರ ಇಲ್ಲ. ನಿಮಗೆ ಹುಷಾರಿಲ್ಲವೇನೋ ಎಂದು ಮೊದಲು ಯೋಚಿಸಿದೆ. ಆಮೇಲೆ ನಿಮ್ಮ ಡಿಸೆಂಬರಿನ ಕಾಗದ ತೆಗೆದು ಓದಿದೆ.

ಮೊನ್ನೆ ಅಜ್ಜನ ಪೆಟ್ಟಿಗೆಯಲ್ಲಿ ನೇಮದ ಹಳೆಯ ಆಮಂತ್ರಣಗಳು ಸಿಕ್ಕಿದವು. ಎಲ್ಲದರ ಅಡಿಯಲ್ಲಿಯೂ ಅದೇ ಇರುವೆ ಅಕ್ಷರ, ‘ಮುದ್ರಣ: ಸುಬ್ಬಯ್ಯ, ಮೆಲ್ಕಾರ್’. ನಮ್ಮ ಹನ್ನೊಂದು ಮನೆಗಳ ಕ್ರಮವನ್ನು ನೀವು ಎಷ್ಟು ವರ್ಷ ಜೋಡಿಸಿದ್ದೀರಿ? ಅಲ್ಪವಿರಾಮ ತಪ್ಪಿದ್ದು ಕಂಡ ನಿಮಗೆ ಇದು ಕಾಣಲಿಲ್ಲವೇ? ನನಗೆ ನೇರ ಉತ್ತರ ಬೇಕು.

ನೇಮ ನಿನ್ನೆ ಮುಗಿಯಿತು. ಅಪ್ಪ ಹಿಂದಿನ ಸಾಲಿನಲ್ಲಿ ನಿಂತಿದ್ದರು. ನಾನು ಮಾತ್ರ ಎದುರಿಗೇ ನಿಂತೆ, ಈ ಸಲ ಎಲ್ಲ ಸರಿಯಾಗಿ ನೋಡಬೇಕಿತ್ತು. ಒಂದು ವಿಷಯ ಕಂಡಿತು. ನೇಮದ ಹಿಂದಿನ ದಿನ ಕೆಲಸ ಹಂಚುವಾಗ ಯಾವ ಕ್ರಮವೂ ಇಲ್ಲ. ಹನ್ನೊಂದು ಚೀಟಿ ಬರೆದು ಕಂಚಿನ ಬಟ್ಟಲಿಗೆ ಹಾಕುತ್ತಾರೆ, ಸಣ್ಣ ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ಬಟ್ಟಲು ಹಿಡಿಯುವುದು ಮುಂಡಪ್ಪಜ್ಜನೇ. ಈ ಸಲ ಎಲೆ ಎತ್ತುವ ಕೆಲಸ ಗುತ್ತಿಗೆ ಬಂತು. ಗುತ್ತಿನ ಸೊಸೆಯಂದಿರೇ ಎಂಜಲೆಲೆ ಎತ್ತಿದರು, ಯಾರ ಮುಖವೂ ಸಣ್ಣದಾಗಲಿಲ್ಲ. ಚೀಟಿಯಲ್ಲಿ ಬಂದದ್ದಲ್ಲವಾ ಎಂದು ಅವರೇ ಹೇಳಿ ನಕ್ಕರು.

ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಉತ್ತರ ಕಾಯುತ್ತಿದ್ದೇನೆ.

ವಿಸ್ಮಿತಾ

*

ನರಿಕೊಂಬು
2 ಮಾರ್ಚ್ 2025

ವಿಸ್ಮಿತಾ,

ಕಂಡಿತ್ತು.

ಪ್ರೂಫ್ ಬಿಚ್ಚಿದ ಕೂಡಲೇ ಕಂಡದ್ದು ಅದೇ. ಕೆಂಪು ಪೆನ್ನು ಅಡ್ಕ ಎಂಬ ಹೆಸರಿನ ಪಕ್ಕಕ್ಕೆ ಹೋಗಿ ನಿಂತಿತು. ಗುರುತು ಹಾಕಲಿಲ್ಲ. ಬೇಕೆಂದೇ ಬಿಟ್ಟೆ.

ಯಾಕೆಂದು ಹೇಳುತ್ತೇನೆ. 1991ರಲ್ಲಿ ನಿಮ್ಮೂರಿನ ಆಮಂತ್ರಣಕ್ಕೆ ಸಣ್ಣ ಕಾರ್ಡು ಆರಿಸಿದ್ದರು. ಹತ್ತು ಮನೆಗಳಿಗೆ ಜಾಗ ಮುಗಿಯಿತು. ಹನ್ನೊಂದನೆಯದಕ್ಕೆ ಸಾಲು ಸಿಗಲಿಲ್ಲ. ಕೇಳಿದಾಗ ಆಗಿನ ಗುತ್ತಿನವರು, “ಅದೊಂದು ಇಲ್ಲದಿದ್ದರೆ ಏನಾಗ್ತದೆ, ‘ಮತ್ತು ಊರ ಹತ್ತು ಸಮಸ್ತರು’ ಅಂತ ಕೊನೆಗೆ ಹೇಗೂ ಉಂಟಲ್ಲ, ಅದರಲ್ಲಿ ಬಂತು” ಎಂದರು. ನಾನು ಅಡ್ಕದ ಮೊಳೆಗಳನ್ನು ಕಿತ್ತು ಪೆಟ್ಟಿಗೆಗೆ ಹಾಕಿ ಅಚ್ಚು ಮಾಡಿದೆ. ಅಂಚನ್ನು ಸ್ವಲ್ಪ ಕಡಿಮೆ ಮಾಡಿದ್ದರೆ ಒಂದು ಸಾಲು ಸಿಗುತ್ತಿತ್ತು. ನನ್ನ ಅಂಚು ಕೆಡುತ್ತದೆಂದು ಮಾಡಲಿಲ್ಲ.

ವಾರದ ಮೇಲೆ ನಿನ್ನ ಅಜ್ಜ ಕುಶಾಲಪ್ಪ ಮೂರು ಬಸ್ಸು ಬದಲಾಯಿಸಿ ಮೆಲ್ಕಾರಿಗೆ ಬಂದರು. ಕಾರ್ಡನ್ನು ಮೇಜಿನ ಮೇಲಿಟ್ಟು, ಹೆಸರುಗಳ ಕೆಳಗೆ ನಾನು ಬಿಟ್ಟ ಖಾಲಿ ಅಂಚಿನಲ್ಲಿ ಬೆರಳಿಟ್ಟರು. ಒಂದು ಮಾತು ಆಡಲಿಲ್ಲ. ನಾನು ಚಹಾ ತರಿಸಿದೆ, ಕುಡಿದರು, ಹೋದರು. ಮೂವತ್ತಮೂರು ವರ್ಷ ಆ ಬೆರಳು ನನ್ನ ಕಣ್ಣಮುಂದಿತ್ತು. ನಿನ್ನ ಪ್ರೂಫಿನಲ್ಲಿ ಅಡ್ಕ ಎಲ್ಲಕ್ಕಿಂತ ಮೇಲೆ ಕೂತದ್ದು ನೋಡಿ, ಒಂದು ಸಲವಾದರೂ ಹಾಗೆ ಅಚ್ಚಾಗಲಿ ಎಂದು ಅನಿಸಿತು. ನನ್ನ ತಪ್ಪನ್ನು ತಿದ್ದಿಕೊಳ್ಳಲು ನಿನ್ನ ಮೂಡುಬಿದಿರೆಯನ್ನು ಪಣಕ್ಕಿಟ್ಟೆ. ಊರಿನವರು ನಿನ್ನನ್ನು ಹಿಡಿಯುತ್ತಾರೆ ಎಂಬುದು ಈ ಮುದುಕನ ತಲೆಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು.

ಇನ್ನೊಂದೂ ಹೇಳಿಬಿಡುತ್ತೇನೆ. ಮೆಷಿನ್ ಓಡುತ್ತಿಲ್ಲ. ಪ್ರೆಸ್ ಮುಚ್ಚಿ ಐದು ವರ್ಷವಾಯಿತು. ನರಿಕೊಂಬಿನ ಮನೆಯಲ್ಲಿ ಕೂತು ಮೆಲ್ಕಾರ್ ಎಂದು ಬರೆಯುತ್ತಿದ್ದೆ. ಅಂಚೆಯವನಿಗೆ ನಾನು ಗೊತ್ತು, ಅದಕ್ಕೆ ನಿನ್ನ ಕಾಗದಗಳು ತಲುಪಿದವು.

ಗುತ್ತಿನ ಯಜಮಾನರಿಗೆ ನಾನೇ ಕಾಗದ ಬರೆದು ತಪ್ಪು ನನ್ನದೆಂದು ಹೇಳುತ್ತೇನೆ. ನೀನು ಕ್ಷಮಿಸಬೇಕೆಂದು ಕೇಳುವ ಮುಖ ನನಗಿಲ್ಲ.

ಸುಬ್ಬಯ್ಯ

*

ಪೆರ್ಲಾಜೆ
9 ಮಾರ್ಚ್ 2025

ಸುಬ್ಬಯ್ಯಜ್ಜನಿಗೆ,

ನಿಮ್ಮ ಕಾಗದ ಓದಿ ತುಂಬಾ ಸಿಟ್ಟು ಬಂತು. ಎರಡು ದಿನ ಇತ್ತು. ನಿಮಗೆ ಬೇಕಿದ್ದರೆ ನಿಮ್ಮ ಹೆಸರಲ್ಲಿ ಮಾಡಬೇಕಿತ್ತು, ನನ್ನ ಹೆಸರಲ್ಲಿ ಅಲ್ಲ. ಇದನ್ನು ಬರೆಯದೆ ಮುಂದಿನದನ್ನು ಬರೆಯಲು ನನಗೆ ಆಗುವುದಿಲ್ಲ.

ಗುತ್ತಿಗೆ ಕಾಗದ ಬರೆಯಬೇಡಿ. ನೀವು ಬರೆದರೆ ಯಾರೋ ಹೇಳಿಕೊಟ್ಟದ್ದನ್ನು ಹುಡುಗಿ ಮಾಡಿದಳು ಎಂದಾಗುತ್ತದೆ. ಆ ಪುಟ ನಾನು ಮಾಡಿದ್ದು. ತಪ್ಪೂ ನನ್ನದೇ, ಯಾರನ್ನೂ ಕೇಳದೆ ಜೋಡಿಸಿದ್ದು ನಾನು. ಸರಿ ಮಾಡುವುದೂ ನಾನೇ.

ಪ್ರೆಸ್ ಮುಚ್ಚಿದ್ದು ನನಗೆ ಗೊತ್ತಿತ್ತು. ನೀವು ಬರೆಯುವ ಉಳಿಕೆ ಕಾರ್ಡುಗಳನ್ನು ತಿರುಗಿಸಿ ನೋಡುತ್ತೇನೆ. 2014, 2017, 2019. ಅದರ ಮೇಲಿನ ವರ್ಷದ್ದು ಒಂದೂ ಬರಲಿಲ್ಲ. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಜ್ಜನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಅವರಿಗೆ ಈಗ ಎಂಬತ್ತೊಂದು. ಕೇಳಿ ನಕ್ಕರು. “ನಾನು ಬೈಯಲಿಕ್ಕೇ ಹೋದದ್ದು ಮಾರಾಯ್ತಿ. ಬಸ್ಸಿನಲ್ಲಿ ಎಲ್ಲ ಕಲಿತುಕೊಂಡೇ ಹೋಗಿದ್ದೆ. ಅವ ನನ್ನನ್ನು ನೋಡಿ ಅಷ್ಟು ಹೆದರಿದ್ದ, ನನಗೆ ಒಂದು ಶಬ್ದವೂ ನೆನಪಾಗಲಿಲ್ಲ. ಚಹಾ ಮಾತ್ರ ಒಳ್ಳೆಯದಿತ್ತು” ಎಂದರು.

ಹದಿನೈದು ದಿನದಲ್ಲಿ ಪರೀಕ್ಷೆ. ಅದು ಮುಗಿದ ಮೇಲೆ ನಾನು ಗುತ್ತಿಗೆ ಹೋಗುತ್ತೇನೆ. ಏನು ತೋರಿಸಬೇಕೆಂದು ನೋಟ್‌ಬುಕ್ಕಿನಲ್ಲಿ ಉಂಟು. ಆರು ಸಾಲಿನ ಪ್ರೋಗ್ರಾಂ. ಮನಸ್ಸಿನಲ್ಲಿ ಇಪ್ಪತ್ತು ಸಲ ಓಡಿಸಿ ನೋಡಿದ್ದೇನೆ, ಓಡುತ್ತದೆ.

ವಿಸ್ಮಿತಾ

*

ಪೆರ್ಲಾಜೆ
6 ಮೇ 2025

ಸುಬ್ಬಯ್ಯಜ್ಜನಿಗೆ,

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಪರೀಕ್ಷೆ ಮುಗಿದ ದಿನವೇ ಗ್ರಂಥಾಲಯಕ್ಕೆ ಹೋದೆ. ಸರಸಕ್ಕ ಏನೂ ಕೇಳದೆ ಕುರ್ಚಿ ಎಳೆದು ಕೊಟ್ಟರು. ಆರು ಸಾಲಿನಲ್ಲಿ ಎರಡು ತಪ್ಪಿತ್ತು, ಅದನ್ನು ಸರಿ ಮಾಡಲು ಮೂರು ವಾರ ಹಿಡಿಯಿತು. ಮೊನ್ನೆ ಭಾನುವಾರ ಗುತ್ತಿಗೆ ಹೋಗುವ ಎಂದು ಅಪ್ಪನನ್ನು ಕರೆದೆ. ಅವರು ಬರಲಿಲ್ಲ. “ನಾನು ಆ ಅಂಗಳದಲ್ಲಿ ಒಂದು ಸಲ ನಿಂತಿದ್ದೇನೆ, ಸಾಕು” ಎಂದರು. ಅಜ್ಜಿ ಸೇಸಮ್ಮ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು, “ನಾನು ಬರ್ತೇನೆ. ಗುತ್ತಿನ ಜಗಲಿ ನನಗೇನು ಹೊಸತಾ” ಎಂದು ಹೊರಟರು.

ಮುಂಡಪ್ಪಜ್ಜ ಈಸಿಚೇರಿನಲ್ಲಿದ್ದರು. ಕೂತುಕೊಳ್ಳಿ ಎನ್ನಲಿಲ್ಲ. ಅಜ್ಜಿ ಕೂತರು. ನಾನು ನಿಂತೇ ಹೇಳಿದೆ, “ಅಜ್ಜ, ನಾನು ಅಕ್ಷರದ ಪ್ರಕಾರ ಜೋಡಿಸಿದ್ದು, ನಮ್ಮ ಮನೆ ಮೇಲೆ ಬರಲಿ ಅಂತ ಅಲ್ಲ. ನಿಮ್ಮನ್ನು ಕೇಳದೆ ಜೋಡಿಸಿದ್ದು ತಪ್ಪಾಯಿತು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಈಗ ಬೇರೆ ಮಾಡಿದ್ದೇನೆ, ಒಮ್ಮೆ ನೋಡಿ.”

“ಕ್ರಮ ಸರಿ ಮಾಡಿದ್ದೀಯಾ?”

“ಇಲ್ಲ. ಕ್ರಮವನ್ನೇ ತೆಗೆದಿದ್ದೇನೆ. ಪುಟ ತೆರೆದಾಗಲೆಲ್ಲ ಅದು ಚೀಟಿ ಎತ್ತುತ್ತದೆ. ಪ್ರತಿ ಸಲ ಬೇರೆ ಮನೆ ಮೊದಲು.”

ಅವರ ಹುಬ್ಬು ಮೇಲೆ ಹೋಯಿತು. “ಯಾರು ಎತ್ತುವುದು?”

“ಯಾರೂ ಅಲ್ಲ. ನಾನೂ ಅಲ್ಲ. ಯಾರು ಬರುತ್ತಾರೆ ಅಂತ ನನಗೂ ಗೊತ್ತಿರುವುದಿಲ್ಲ.”

ಗುತ್ತಿನಲ್ಲಿ ವೈಫೈ ಉಂಟು. ಅವರ ಮೊಬೈಲಿನಲ್ಲೇ ತೆರೆದುಕೊಟ್ಟೆ. ಮೊದಲು ಬರ್ಕೆ ಬಂತು. ಒತ್ತಿದರು, ಕುದ್ಕೋಳಿ ಬಂತು. ಮತ್ತೆ ಒತ್ತಿದರು. ಗುತ್ತು ಏಳನೆಯದಾಗಿ, ನಾಲ್ಕನೆಯದಾಗಿ, ಒಮ್ಮೆ ಕಟ್ಟಕಡೆಗೆ ಬಂತು. ಅಡ್ಕ ಒಮ್ಮೆಯೂ ಮೇಲೆ ಬರದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹದಿಮೂರನೆಯ ಸಲ ಗುತ್ತು ಮೊದಲು ಬಂತು. ಮುಂಡಪ್ಪಜ್ಜ ಮೊಬೈಲನ್ನು ದೂರ ಹಿಡಿದು ನೋಡಿದರು. ಅವರ ಸೊಸೆ ಬಾಗಿಲಲ್ಲಿ ನಿಂತು, “ಮಾವ, ಇನ್ನು ಒತ್ತಬೇಡಿ, ಹೀಗೇ ಇರಲಿ” ಎಂದರು. ಮುಂಡಪ್ಪಜ್ಜ ಇನ್ನೊಮ್ಮೆ ಒತ್ತಿದರು.

“ನೇಮದ ಬಟ್ಟಲು ಹಿಡಿಯುವವನು ನಾನು. ಚೀಟಿಗೆ ಎದುರು ಮಾತಾಡಿದರೆ ಆಗ್ತದಾ?” ಎಂದರು. “ಕಾರ್ಡಿನಲ್ಲಿ ಹಿಂದಿನ ಕ್ರಮವೇ ಇರಬೇಕು, ಅದರಲ್ಲಿ ಬದಲಿಲ್ಲ. ಇದರಲ್ಲಿ ಚೀಟಿ ಇರಲಿ. ನಿನ್ನ ಅಪ್ಪನಿಗೆ ಹೇಳು, ನಾಳೆ ಬರಲಿಕ್ಕೆ. ಜಗಲಿಗೆ ಬರಲಿಕ್ಕೆ ಹೇಳು.”

ಕಾರ್ಡಿನಲ್ಲಿ ನಮ್ಮ ಮನೆ ಹನ್ನೊಂದನೆಯದೇ. ಅದನ್ನು ಬದಲಿಸಲು ನನ್ನಿಂದ ಆಗಲಿಲ್ಲ, ಸದ್ಯಕ್ಕೆ.

ಅಪ್ಪ ಮರುದಿನ ಹೋಗಿ ಬಂದರು. ಸಂಜೆ ಗ್ರಂಥಾಲಯದಿಂದ ಬರುವಾಗ ನೋಡುತ್ತೇನೆ, ರೇಂಜ್ ಸಿಗುವ ತಿರುವಿನಲ್ಲಿ ಅಪ್ಪನ ಸ್ಕೂಟರ್ ನಿಂತಿದೆ. ಹಿಂದಿನ ಸೀಟಿನಲ್ಲಿ ಅಜ್ಜ. ಅಪ್ಪ ಮೊಬೈಲ್ ಹಿಡಿದು ಒತ್ತುತ್ತಲೇ ಇದ್ದರು. ನಾನು ಹತ್ತಿರ ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಕೊನೆಗೆ ಅಡ್ಕ ಮೇಲೆ ಬಂದಿರಬೇಕು, ಅಪ್ಪ ಮೊಬೈಲನ್ನು ಎರಡೂ ಕೈಯಲ್ಲಿ ಅಜ್ಜನಿಗೆ ಕೊಟ್ಟರು. ಅಜ್ಜ ಕಣ್ಣು ಸಣ್ಣದು ಮಾಡಿ ನೋಡಿ, ಹೆಸರಿನ ಮೇಲೆ ಬೆರಳಿಟ್ಟರು. ಬೆರಳು ತಾಗಿದ್ದಕ್ಕೆ ನಮ್ಮ ಮನೆಯ ಪುಟ ತೆರೆಯಿತು. ಮೊದಲ ಸಾಲಿನಲ್ಲಿ ಕುಶಾಲಪ್ಪ ಎಂದಿತ್ತು. ಅಜ್ಜ ಅದನ್ನು ಗಟ್ಟಿಯಾಗಿ ಓದಿದರು. ನನಗೆ ಅಳು ತಡೆಯಲಾಗಲಿಲ್ಲ.

ಅಪ್ಪ ನನ್ನನ್ನು ನೋಡಿ ಸ್ಕೂಟರ್ ಸ್ಟಾರ್ಟ್ ಮಾಡಿದರು. ಆಮೇಲೆ ಆಫ್ ಮಾಡಿ ಕೇಳಿದರು, “ಮೂಡುಬಿದಿರೆಗೆ ಬೆಳಗ್ಗೆ ಮೊದಲ ಬಸ್ಸು ಎಷ್ಟು ಗಂಟೆಗೆ?”

ಫಾರ್ಮಿಗೆ ಇವತ್ತು ಸೈನ್ ಆಯಿತು. ಮಾರ್ಕ್ಸ್ ಕೂಡ ಬಂದಿದೆ, ಸಾಕಷ್ಟು ಉಂಟು. ಹೊಸ ಪುಟದ ಪ್ರೂಫ್ ಜೊತೆಗಿದೆ. ಈ ಸಲ ಕಂಡದ್ದನ್ನೆಲ್ಲ ತಿದ್ದಬೇಕು, ಒಂದನ್ನೂ ಬಿಡಬಾರದು.

ವಿಸ್ಮಿತಾ

*

ನರಿಕೊಂಬು
15 ಮೇ 2025

ಚಿರಂಜೀವಿ ವಿಸ್ಮಿತಾಳಿಗೆ,

ನಿನ್ನ ಅಜ್ಜ ತನ್ನ ಹೆಸರು ಓದಿದ ಜಾಗಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಬೇಕಾಯಿತು. ಚಹಾ ಒಳ್ಳೆಯದಿತ್ತೆಂದು ಹೇಳಿದರಲ್ಲ, ಅವರಿಗೆ ಹೇಳು, ಆ ಹೋಟೆಲು ಈಗಲೂ ಉಂಟು. ಅವರು ಬಂದರೆ ನಾನು ಮೆಲ್ಕಾರ್ ಬಸ್‌ಸ್ಟಾಪಿನಲ್ಲಿ ಕಾಯುತ್ತೇನೆ. ಈ ಸಲ ಬೈದೇ ಹೋಗಲಿ.

ಮೊಮ್ಮಗ ಶಿಶಿರನ ಮೊಬೈಲಿನಲ್ಲಿ ನಿನ್ನ ಪುಟ ನೋಡಿದೆ. ನಲವತ್ತು ಸಲ ಒತ್ತಿದೆ, ಅವನು ಮೊಬೈಲ್ ಕಿತ್ತುಕೊಂಡ. ಒತ್ತಕ್ಷರದ ಕಾಲು ಎಲ್ಲಿಯೂ ತಾಗುವುದಿಲ್ಲ. ಕೆಳಗೆ ಹೆಬ್ಬೆರಳಿಗೆ ಜಾಗ ಬಿಟ್ಟಿದ್ದೀಯ.

ಪ್ರೂಫನ್ನು ಆರು ಸಲ ಓದಿ ಒಂದೇ ಒಂದು ಗುರುತು ಹಾಕಿದ್ದೇನೆ. ತಪ್ಪು ದೊಡ್ಡದು, ನೀನು ನೋಡದೇ ಹೋದದ್ದು ಆಶ್ಚರ್ಯ. ಪುಟದ ಕಟ್ಟಕಡೆಗೆ, ಅಂಚಿನ ಹತ್ತಿರ, ಅಚ್ಚು ಮಾಡಿದವರ ಹೆಸರಿಲ್ಲ. ಅದಿಲ್ಲದೆ ಯಾವ ಕಾಗದವೂ ನನ್ನ ಪ್ರೆಸ್ಸಿನಿಂದ ಹೊರಗೆ ಹೋದದ್ದಿಲ್ಲ. ಇರುವೆಯಷ್ಟು ಸಣ್ಣ ಅಕ್ಷರ ಸಾಕು. ಏನು ಹಾಕಬೇಕೆಂದು ಕೆಂಪಿನಲ್ಲಿ ಬರೆದಿದ್ದೇನೆ, ಹಾಗೆಯೇ ಜೋಡಿಸು:

ವಿಸ್ಮಿತಾ, ಅಡ್ಕ, ಪೆರ್ಲಾಜೆ.

ಸುಬ್ಬಯ್ಯ